ಹದಿನಾಲ್ಕು ಗಂಟೆ, ಪಕ್ಕದ ಸೀಟಿನಲ್ಲಿ ಅತ್ತೆ

ನ್ಯೂಜಿಲೆಂಡಿಗೆ ಹೋಗಿ ಬಂದ ಮೇಲೆ ನಮ್ಮ ಬೀದಿಯಲ್ಲಿ ಎಲ್ಲರೂ ಮೊದಲು ಕೇಳಿದ್ದು, "ಎಷ್ಟು ದೂರ ಆಗುತ್ತೆ?" ಅಂತ. ವಿಮಾನದ ಪರದೆಯಲ್ಲಿ ಕಂಡದ್ದನ್ನು ನಾನು ಹೇಳುತ್ತಿದ್ದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ಮೂರು ಸಾವಿರ ಕಿಲೋಮೀಟರಿನ ಮೇಲೆ ಸ್ವಲ್ಪ, ಅಲ್ಲಿಂದ ಆಕ್ಲೆಂಡಿಗೆ ಎಂಟು ಸಾವಿರದ ನಾನೂರರ ಹತ್ತಿರ. ಆಕಾಶದಲ್ಲಿ ಕೂತಿದ್ದ ಹೊತ್ತು ಎರಡೂ ಸೇರಿ ಹದಿನಾಲ್ಕು ಗಂಟೆ ಚಿಲ್ಲರೆ. ಅತ್ತೆಯ ಲೆಕ್ಕ ಬೇರೆ. "ನಾನು ನಡೆದಿದ್ದು ಐದು ಕಿಲೋಮೀಟ್ರು. ಮಿಕ್ಕಿದ್ದೆಲ್ಲ ಸುಮ್ನೆ ಕೂತ್ಕೊಂಡಿದ್ದು," ಎನ್ನುತ್ತಿದ್ದರು. ಸುಮ್ಮನೆ ಕೂತಿದ್ದು ಅನ್ನುವ ಮಾತು ಪೂರ್ತಿ ನಿಜವಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉತ್ತರಹಳ್ಳಿ

ನನ್ನ ಅತ್ತೆಯ ಹೆಸರು ಜಯಮ್ಮ, ವಯಸ್ಸು ಅರವತ್ತೇಳು. ಸರ್ಕಾರಿ ಆರೋಗ್ಯ ಸಹಾಯಕಿಯಾಗಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದವರು. ಉತ್ತರಹಳ್ಳಿ ಇನ್ನೂ ಹಳ್ಳಿಯೇ ಆಗಿದ್ದ ಕಾಲದಲ್ಲಿ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಸುತ್ತಲಿನ ಊರುಗಳಿಗೆ ನಡೆದೇ ಹೋಗಿ ಬರುತ್ತಿದ್ದರು. ನಿವೃತ್ತರಾದ ಮೇಲೂ ಆ ಕಾಲುಗಳು ಸುಮ್ಮನಿರಲಿಲ್ಲ. ಜೆ.ಪಿ. ನಗರದ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕುವಾಗ ಕೆಂಪಯ್ಯ ಎಂಬ ನಿವೃತ್ತ ಪಿ.ಟಿ. ಮೇಷ್ಟ್ರು ಅವರನ್ನು ತಡೆದು ನಿಲ್ಲಿಸಿ, "ಅಮ್ಮಾ, ನೀವು ನಡೆಯೋದನ್ನ ಒಂದ್ ವಾರದಿಂದ ನೋಡ್ತಾ ಇದೀನಿ. ಸ್ಪರ್ಧೆಗೆ ಯಾಕೆ ಬರಬಾರದು?" ಎಂದು ಕೇಳಿದರಂತೆ. ಅಲ್ಲಿಂದ ಅತ್ತೆ ಸೀರೆ ಬಿಟ್ಟು ಟ್ರ್ಯಾಕ್ ಪ್ಯಾಂಟ್ ಹಾಕಿದರು.

ನಡಿಗೆ ಸ್ಪರ್ಧೆ ಗೊತ್ತಿಲ್ಲದವರಿಗೆ ಎರಡು ಮಾತು. ಓಡುವಂತಿಲ್ಲ. ಒಂದು ಪಾದವಾದರೂ ಸದಾ ನೆಲ ಮುಟ್ಟಿರಬೇಕು. ಮುಂದಿಟ್ಟ ಕಾಲು ನೆಲಕ್ಕೆ ತಾಗುವಾಗ ಮಂಡಿ ಬಾಗಬಾರದು. ತಪ್ಪಿದರೆ ತೀರ್ಪುಗಾರರು ಕೆಂಪು ಚೀಟಿ ಬರೆಯುತ್ತಾರೆ. ಮೂರು ಚೀಟಿ ಬಿದ್ದರೆ ಹೊರಗೆ. ಅತ್ತೆಯ ಎಡ ಮಂಡಿ ಸುಸ್ತಾದಾಗ ಬಾಗುತ್ತದೆ. ಹಿಂದಿನ ವರ್ಷ ಬೇರೆ ರಾಜ್ಯದಲ್ಲಿ ನಡೆದ ಕೂಟದಲ್ಲಿ ಇನ್ನೆರಡೇ ಸುತ್ತು ಇದ್ದಾಗ ಅವರನ್ನು ಹೊರಗೆ ಕಳಿಸಿದ್ದರು. ಮನೆಗೆ ಬಂದು ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಐದನೆಯ ದಿನ ಚಪಾತಿ ಲಟ್ಟಿಸುತ್ತಾ, "ಒಂದ್ ಸಲ ಪೂರ್ತಿ ಮುಗಿಸ್ಬೇಕು. ಎಷ್ಟನೇದಾಗಿ ಬಂದ್ರೂ ಪರವಾಗಿಲ್ಲ," ಎಂದರು. ಮಂಡಿ ನೋಡಿದ ಡಾಕ್ಟರು, ಸ್ಪರ್ಧೆಗೆಲ್ಲ ಇನ್ನೊಂದು ವರ್ಷ ಮಾತ್ರ ಎಂದಿದ್ದರು. ಹಾಗಾಗಿ ಆಕ್ಲೆಂಡಿನ ಹಿರಿಯರ ಕೂಟಕ್ಕೆ ಹೆಸರು ಕೊಟ್ಟಿದ್ದು.

ಜೊತೆಗೆ ಹೋಗಬೇಕಾಗಿದ್ದವರು ನನ್ನ ಗಂಡ ರಮೇಶ. ಮೂರು ತಿಂಗಳ ಮುಂಚೆ ಅವರ ಬೆನ್ನಿನ ಡಿಸ್ಕ್ ಜಾರಿತು. "ಒಂದು ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಬೇಡಿ," ಎಂದರು ಡಾಕ್ಟರು. ಹದಿನಾಲ್ಕು ಗಂಟೆಯ ವಿಮಾನದ ಆಸೆ ಅಲ್ಲಿಗೇ ನಿಂತಿತು. "ಸವಿತಾ, ನೀನು ಹೋಗ್ ಬಾ. ಅಮ್ಮನ್ನ ಒಬ್ಬರನ್ನೇ ಹೆಂಗೆ ಕಳಿಸೋದು? ಮಗಳನ್ನ ನಾನು ನೋಡ್ಕೋತೀನಿ," ಎಂದರು.

ನಾನು ತಕ್ಷಣ ಹೂಂ ಅನ್ನಲಿಲ್ಲ. ನನಗೂ ಅತ್ತೆಗೂ ಜಗಳವಿರಲಿಲ್ಲ, ಆದರೆ ಮಾತೂ ಇರಲಿಲ್ಲ. ಸಾರಿಗೆ ಉಪ್ಪಾಯ್ತಾ, ಹಾಲಿನವನು ಬಂದನಾ, ಇಷ್ಟೇ. ಆರು ವರ್ಷದ ಹಿಂದೆ, ಮಗಳು ಇಂಚರಳಿಗೆ ನಾಲ್ಕು ತುಂಬಿದಾಗ, ನನ್ನ ಎರಡನೆಯ ಬಸಿರು ಆರನೇ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಿಂದ ಬಂದು ಮಲಗಿದ್ದ ಮೂರು ದಿನ ಅತ್ತೆ ಬೆಳಿಗ್ಗೆ ಅಡುಗೆ ಮಾಡಿಟ್ಟು, ಶೂ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಬರುತ್ತಿದ್ದದ್ದು ಸಂಜೆಗೆ. ಊರಿನ ಬಸುರಿಯರಿಗೆಲ್ಲ ಧೈರ್ಯ ಹೇಳಿದ ಹೆಂಗಸು ನನ್ನ ಮಂಚದ ಹತ್ತಿರ ಹತ್ತು ನಿಮಿಷ ಕೂರಲಿಲ್ಲ ಎಂಬುದು ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಂಥವರ ಪಕ್ಕ ಹದಿನಾಲ್ಕು ಗಂಟೆ ಕೂತು ಏನು ಮಾತಾಡುವುದು ಎಂದು ನನಗೆ ಭಯ.

ಮಂಜು

ಜನವರಿಯ ಬೆಳಿಗ್ಗೆ ವಿಮಾನ ನಿಲ್ದಾಣ ತಲುಪಿದಾಗ ಹೊರಗೆ ಏನೂ ಕಾಣದಷ್ಟು ಮಂಜು. ಬರಬೇಕಾದ ವಿಮಾನ ಎಲ್ಲೋ ಬೇರೆ ಊರಲ್ಲಿ ಇಳಿದಿತ್ತು. ಹತ್ತಕ್ಕೆ ಹೊರಡಬೇಕಾದದ್ದು ಹನ್ನೊಂದಾಯಿತು, ಹನ್ನೆರಡಾಯಿತು. ಸಿಂಗಪುರದಲ್ಲಿ ಮುಂದಿನ ವಿಮಾನ ತಪ್ಪಿದರೆ ಅದರ ಮರುದಿನವೇ ಇನ್ನೊಂದು. ಶನಿವಾರ ಬೆಳಿಗ್ಗೆ ಎಂಟಕ್ಕೆ ಸ್ಪರ್ಧೆ, ಅವತ್ತು ಬುಧವಾರ. ನಾನು ಬೆರಳು ಮಡಿಚಿ ಲೆಕ್ಕ ಹಾಕುತ್ತಾ ಕೂತೆ.

ಅತ್ತೆ ಮಾತ್ರ ಡಬ್ಬಿ ತೆಗೆದು ಇಡ್ಲಿ ತಿಂದು, ಎಂಟು ಗಂಟೆಗೆ ಸರಿಯಾಗಿ ಬಿ.ಪಿ. ಮಾತ್ರೆ ನುಂಗಿದ್ದರು. ಈಗ ಅವರ ಚಿಂತೆ ಬೇರೆ.

"ನಾಳೆ ಮಾತ್ರೆ ಯಾವ ಎಂಟು ಗಂಟೆಗೆ ತಗೊಳ್ಳೋದು ಸವಿತಾ? ನಮ್ಮ ಎಂಟಾ, ಅವರ ಎಂಟಾ?"

ಅಲ್ಲಿನ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ನಾನು ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಇಂಥದ್ದು ಗೊತ್ತಿರಬೇಕಿತ್ತು.

ಅವರೇ ಉತ್ತರ ಹುಡುಕಿಕೊಂಡರು. "ಮಾತ್ರೆಗೆ ದೇಶ ಗೊತ್ತಾಗಲ್ಲ. ಇಪ್ಪತ್ನಾಲ್ಕು ಗಂಟೆ ಆಗಿದ್ಯಾ ಇಲ್ವಾ, ಅಷ್ಟೇ." ಕೈಗಡಿಯಾರವನ್ನು ಬದಲಾಯಿಸುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಆಮೇಲೆ ಇನ್ನೊಂದು ಲೆಕ್ಕವನ್ನೂ ಅವರೇ ಹಾಕಿದರು. ಸ್ಪರ್ಧೆಯ ಬೆಳಿಗ್ಗೆ ಎಂಟು ಗಂಟೆ ಎಂದರೆ ಅವರ ಮೈಗೆ ನಡುರಾತ್ರಿ ಹನ್ನೆರಡೂವರೆ.

ಸಿಂಗಪುರ

ವಿಮಾನ ಸಿಂಗಪುರದಲ್ಲಿ ನಿಂತಾಗ ಮುಂದಿನ ವಿಮಾನಕ್ಕೆ ಐವತ್ತು ನಿಮಿಷವಿತ್ತು. ಇಳಿಯುವುದರಲ್ಲೇ ಹದಿನೈದು ಹೋಯಿತು. ನಮ್ಮ ಗೇಟು ಇನ್ನೊಂದು ಟರ್ಮಿನಲ್ಲಿನಲ್ಲಿ. ನಡುವೆ ಒಂದು ಪುಟ್ಟ ರೈಲು.

"ಓಡಬೇಕು ಅತ್ತೆ," ಎಂದೆ.

"ಓಡಲ್ಲ. ಅಭ್ಯಾಸ ತಪ್ಪುತ್ತೆ," ಎಂದು ಅವರು ಹೊರಟರು.

ಅವರು ನಡೆಯುವುದನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಬೆಳಿಗ್ಗೆ ಅವರು ಮನೆ ಬಿಡುವಾಗ ನಾನು ಇಂಚರಳ ಊಟದ ಡಬ್ಬಿಯಲ್ಲಿ ಮುಳುಗಿರುತ್ತಿದ್ದೆ. ಸೊಂಟ ಎಡಕ್ಕೂ ಬಲಕ್ಕೂ ತಿರುಗುತ್ತಾ, ಮೊಣಕೈ ಮಡಿಸಿ, ತಲೆ ಮಾತ್ರ ಒಂದೇ ಎತ್ತರದಲ್ಲಿ ತೇಲಿದಂತೆ ಅವರು ಆ ನುಣುಪು ಕಾರ್ಪೆಟ್ಟಿನ ಮೇಲೆ ಚಪ್ಪಲಿಯಲ್ಲೇ ಸಾಗಿದರು. ಹಿಂದೆ ಎರಡು ಚೀಲ ಹೊತ್ತು ಓಡುತ್ತಿದ್ದ ನನಗೆ ಅವರನ್ನು ಹಿಡಿಯಲು ಆಗಲಿಲ್ಲ. ಸುಗಂಧದ ಅಂಗಡಿಯ ಮುಂದೆ ನಿಂತಿದ್ದ ಹುಡುಗಿಯರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬಳು ಅತ್ತೆಯ ಹಿಂದೆ ನಾಲ್ಕು ಹೆಜ್ಜೆ ಹಾಗೇ ನಡೆದು ನೋಡಿದಳು. ಅತ್ತೆ ತಿರುಗಿ ನೋಡಲಿಲ್ಲ.

ನಾನು ಗೇಟಿಗೆ ಬಂದಾಗ ಅವರು ಕೌಂಟರಿನ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತು, "ಡಾಟರ್ ಕಮಿಂಗ್, ಡಾಟರ್ ಕಮಿಂಗ್," ಎಂದು ಅಲ್ಲಿದ್ದವನಿಗೆ ಹೇಳುತ್ತಿದ್ದರು. ಸೊಸೆ ಎನ್ನುವುದಕ್ಕೆ ಇಂಗ್ಲಿಷಿನ ಉದ್ದದ ಮಾತು ಅವರಿಗೆ ಬರದೆ ಹಾಗೆ ಹೇಳಿದ್ದಿರಬೇಕು ಎಂದುಕೊಂಡೆ. ಆದರೂ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವಾಗ ಆ ಮಾತು ಕಿವಿಯಲ್ಲೇ ಇತ್ತು.

ಟಾಸ್ಮನ್ ಸಮುದ್ರದ ಮೇಲೆ

ಊಟವಾದ ಮೇಲೆ ಇಬ್ಬರೂ ನಿದ್ದೆ ಹೋದೆವು. ಎಚ್ಚರವಾದಾಗ ಯಾರೋ ಕಿಟಕಿಯ ತೆರೆ ಎತ್ತಿದ್ದರು. ಕೆಳಗೆ ಆಸ್ಟ್ರೇಲಿಯಾ ಮುಗಿದು ಸಮುದ್ರ ಶುರುವಾಗಿತ್ತು. ಒಳಗೆಲ್ಲ ಎಳೆಬಿಸಿಲು, ತಟ್ಟೆಗಳಲ್ಲಿ ತಿಂಡಿ. ಅತ್ತೆಯ ಗಡಿಯಾರ ಮಾತ್ರ ರಾತ್ರಿ ಒಂದೂಮುಕ್ಕಾಲು ಎನ್ನುತ್ತಿತ್ತು.

ಮುಂದಿನ ಸೀಟಿನಲ್ಲಿ ಒಬ್ಬ ಬಸುರಿ ಹೆಂಗಸು ಪದೇ ಪದೇ ಎದ್ದು ನಿಲ್ಲುತ್ತಿದ್ದಳು. ಅತ್ತೆಯ ಕಣ್ಣು ಅವಳ ಪಾದದ ಮೇಲಿತ್ತು. ಇದ್ದಕ್ಕಿದ್ದಂತೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಮಾತು ತೆಗೆದರು.

"ಆವಾಗ ಮೂರ್ ದಿನ ನಾನು ಎಲ್ಲಿಗ್ ಹೋಗ್ತಿದ್ದೆ ಅಂತ ನೀನು ಯಾವತ್ತೂ ಕೇಳ್ಲಿಲ್ಲ."

ಯಾವಾಗ ಎಂದು ನಾನು ಕೇಳಬೇಕಾಗಿರಲಿಲ್ಲ. "ಪಾರ್ಕಿಗೆ ಅಂದ್ಕೊಂಡಿದ್ದೆ."

"ಮೊದಲ್ನೇ ದಿನ ಗೊಟ್ಟಿಗೆರೆ ತನಕ ನಡೆದೆ. ನಿಮ್ಮಮ್ಮನ ಹತ್ರ ಮಾತಾಡ್ಬೇಕು ಅಂತ. ಗೇಟಿನ ತನಕ ಹೋದೆ, ಒಳಗೆ ಹೋಗಕ್ಕೆ ಆಗ್ಲಿಲ್ಲ. ವಾಪಸ್ ಬಂದೆ. ಎರಡ್ನೇ ದಿನಾನೂ ಹೋದೆ. ಮೂರ್ನೇ ದಿನಾನೂ."

ಗೊಟ್ಟಿಗೆರೆ ನನ್ನ ತವರು. ನಮ್ಮ ಮನೆಯಿಂದ ಅಲ್ಲಿಗೆ ನಡೆದರೆ ಎರಡು ಗಂಟೆಯ ಮೇಲಾಗುತ್ತದೆ.

"ಅಮ್ಮನಿಗೆ ಏನು ಹೇಳ್ಬೇಕಿತ್ತು?"

"ನನ್ನ ತಪ್ಪು ಅಂತ." ಅವರು ಬ್ರೆಡ್ಡನ್ನು ತಿನ್ನದೆ ತಟ್ಟೆಯಲ್ಲಿಟ್ಟರು. "ನಿನ್ನ ಕಾಲು ಊದಿತ್ತು. ನಾನು ನೋಡ್ದೆ. ಎಷ್ಟ್ ಜನ ಬಸುರಿಯರ ಕಾಲು ನೋಡಿದೀನಿ ನಾನು. ಇವಳು ದಿನಾ ನಿಂತ್ಕೊಂಡು ಕೆಲ್ಸ ಮಾಡ್ತಾಳೆ, ಅದಕ್ಕೇ ಅಂದ್ಕೊಂಡೆ. ಬೇರೆಯವರ ಮನೆ ಆಗಿದ್ರೆ ತಕ್ಷಣ ಬಿ.ಪಿ. ನೋಡ್ತಿದ್ದೆ. ನಮ್ಮನೇಲಿ ನೋಡ್ಲಿಲ್ಲ. ಅದಾದ್ಮೇಲೆ ನಿನ್ನ ಮುಖ ನೋಡಕ್ಕೆ ನಂಗೆ ಆಗ್ಲಿಲ್ಲ."

ಆರು ವರ್ಷದಿಂದ ನಾನು ಯಾರಿಗೂ ಹೇಳದ ಮಾತೊಂದಿತ್ತು. ರಮೇಶನಿಗೂ ಹೇಳಿರಲಿಲ್ಲ.

"ಅತ್ತೆ, ನಾನು ಲ್ಯಾಬಲ್ಲಿ ಕೆಲ್ಸ ಮಾಡೋಳು. ದಿನಕ್ಕೆ ಐವತ್ತು ಜನರ ಮೂತ್ರ ಪರೀಕ್ಷೆ ಮಾಡ್ತಿದ್ದೆ. ನಂದು ಒಂದ್ ಸಲ ಮಾಡ್ಕೊಂಡಿದ್ರೆ ಪ್ರೋಟೀನ್ ಕಂಡು, ಬಿ.ಪಿ. ತೊಂದ್ರೆ ಅಂತ ಗೊತ್ತಾಗ್ತಿತ್ತು. ನಂಗೂ ಹೊಳೀಲಿಲ್ಲ."

ಅವರು ನನ್ನ ಕಡೆ ತಿರುಗಿದರು. ಎಷ್ಟೋ ವರ್ಷದ ಮೇಲೆ ಅಷ್ಟು ಹತ್ತಿರದಿಂದ ಅವರ ಮುಖ ನೋಡಿದೆ.

"ಡಿಸ್ಚಾರ್ಜ್ ದಿನ ಡಾಕ್ಟ್ರು ಹೇಳಿದ್ರು," ಎಂದೆ. "ಎರಡು ದಿನ ಮೊದ್ಲು ಬಂದಿದ್ರೂ ಉಳಿಸೋಕೆ ಆಗ್ತಿರ್ಲಿಲ್ಲ, ಯಾರ ತಪ್ಪೂ ಅಲ್ಲ ಅಂತ."

"ನಂಗ್ಯಾರೂ ಹೇಳ್ಲಿಲ್ಲ."

"ನೀವು ಇರ್ಲಿಲ್ಲ ಅತ್ತೆ."

ಚುಚ್ಚಲು ಹೇಳಿದ ಮಾತಲ್ಲ ಅದು. ಅವರಿಗೂ ಹಾಗೆ ಕೇಳಿಸಲಿಲ್ಲ. "ಹೌದು. ಇರ್ಲಿಲ್ಲ," ಎಂದರು. ಆಮೇಲೆ ಎದ್ದು, ಮುಂದಿನ ಸೀಟಿನ ಬಸುರಿಯ ಹತ್ತಿರ ಹೋಗಿ, ಕೈಸನ್ನೆಯಲ್ಲೇ ಕಾಲು ಚಾಚಿ ಪಾದ ತಿರುಗಿಸುವುದನ್ನು ತೋರಿಸಿಕೊಟ್ಟರು. ಆಕೆಯ ಗಂಡ ಸೀಟು ಬಿಟ್ಟು ಎದ್ದು, ತನ್ನ ಚೀಲವನ್ನು ಅವಳ ಕಾಲಿನಡಿ ಇಟ್ಟ. ಅತ್ತೆ ವಾಪಸು ಬಂದು ತಣ್ಣಗಾದ ಬ್ರೆಡ್ಡನ್ನು ಪೂರ್ತಿ ತಿಂದರು. ನಾನು ಮುಖ ತೊಳೆಯಲು ಹೋಗಿ, ಆ ಪುಟ್ಟ ಬಚ್ಚಲಿನಲ್ಲಿ ಯಾರೋ ಬಾಗಿಲು ತಟ್ಟುವವರೆಗೂ ಅಳುತ್ತಾ ನಿಂತಿದ್ದೆ.

ಆಕ್ಲೆಂಡ್, ಗುರುವಾರ

ಆ ದೇಶದವರಿಗೆ ಹೊರಗಿನ ಮಣ್ಣೆಂದರೆ ಬಹಳ ಎಚ್ಚರಿಕೆ. ಬೇರೆ ದೇಶದ ಬೀಜ, ಹುಳು, ರೋಗ ತಮ್ಮ ಹೊಲಗಳಿಗೆ ಬರಬಾರದು ಎಂದು ಇಳಿದವರ ಚೀಲಗಳನ್ನು ನೋಡುತ್ತಾರೆ. ತಿಂಡಿ ಇದ್ದರೆ ಹೇಳಬೇಕು, ಹೊರಗೆ ಓಡಾಡಿದ ಶೂ ಇದ್ದರೂ ಹೇಳಬೇಕು. ನಾನು ಫಾರಮ್ಮಿನಲ್ಲಿ ಎಲ್ಲಕ್ಕೂ ಹೌದು ಎಂದು ಗುರುತು ಹಾಕಿದ್ದೆ.

ಮೇಜಿನ ಹಿಂದೆ ಇದ್ದ ಅಧಿಕಾರಿ ಇಪ್ಪತ್ತೈದರ ಹುಡುಗಿ. ಚಟ್ನಿಪುಡಿ ಮೂಸಿ ನೋಡಿ ಸರಿ ಎಂದಳು. ಕೋಡುಬಳೆಗೆ ಸರಿ ಎಂದಳು. ಕಾಗದದಲ್ಲಿ ಸುತ್ತಿದ ಒಂದು ಹಿಡಿ ಹಸಿ ಕರಿಬೇವನ್ನು ಮಾತ್ರ ಕ್ಷಮೆ ಕೇಳಿ ತೊಟ್ಟಿಗೆ ಹಾಕಿದಳು. ಕರಿಬೇವು ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಉಪ್ಪಿಟ್ಟಿಗೆ ಬೇಕಾಗುತ್ತೆ ಅಂತ ಇಟ್ಟಿದ್ದೆ," ಎಂದರು ಅತ್ತೆ ಮೆಲ್ಲಗೆ.

ಕೊನೆಗೆ ಸ್ಪರ್ಧೆಯ ಶೂ ಹೊರಗೆ ಬಂತು. ಅಡಿಯ ಗೆರೆಗೆರೆಗಳಲ್ಲಿ ನಮ್ಮ ಬಡಾವಣೆಯ ಮೈದಾನದ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಹುಡುಗಿ ಎರಡನ್ನೂ ಎತ್ತಿ ಹಿಡಿದು ಏನೋ ಹೇಳಿ ಒಳಗೆ ಹೋದಳು. ಅತ್ತೆಯ ಮುಖ ಬಿಳಿಚಿತು.

"ಕಿತ್ಕೊಂಡ್ರಾ?"

"ಇಲ್ಲ ಅತ್ತೆ, ತೊಳ್ಕೊಂಡು ಬರ್ತಾರಂತೆ."

"ಯಾರು ತೊಳೀತಾರೆ?"

"ಅವಳೇ."

ಹತ್ತು ನಿಮಿಷದ ಮೇಲೆ ಹುಡುಗಿ ಬಂದಳು. ಶೂಗಳು ಕೊಂಡ ದಿನಕ್ಕಿಂತ ಬೆಳ್ಳಗಿದ್ದವು. ಯಾತಕ್ಕೆ ಬಂದಿದ್ದೀರಿ ಎಂದು ಕೇಳಿದಳು, ಹೇಳಿದೆ. ಅತ್ತೆಯ ವಯಸ್ಸು ಕೇಳಿ, ತನ್ನ ಅಜ್ಜಿ ಮನೆಯ ಮೆಟ್ಟಿಲು ಇಳಿಯಲೂ ಹೆದರುತ್ತಾಳೆ, ಇವರ ವಿಷಯ ಇವತ್ತೇ ಹೇಳುತ್ತೇನೆ ಎಂದಳು. ಅತ್ತೆ ಎರಡೂ ಕೈ ಜೋಡಿಸಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗಲೂ ಅವರಿಗೆ ಅದೇ.

"ನನ್ನ ಮೆಟ್ಟು ತೊಳೆದ್ಲಲ್ಲ ಸವಿತಾ. ನಮ್ಮಲ್ಲಿ ಯಾವ ಆಫೀಸರ್ ತೊಳೀತಾರೆ?"

ಮಧ್ಯಾಹ್ನ ಮೂರೂವರೆಗೆ ಬಿ.ಪಿ. ಮಾತ್ರೆ ನುಂಗಿದರು. ಉತ್ತರಹಳ್ಳಿಯಲ್ಲಿ ಆಗ ಬೆಳಿಗ್ಗೆ ಎಂಟು.

ಶುಕ್ರವಾರ

ನಾವು ಇಳಿದುಕೊಂಡಿದ್ದು ಕ್ರೀಡಾಂಗಣದ ಹತ್ತಿರದ ಒಂದು ಕೋಣೆಯಲ್ಲಿ. ಸಣ್ಣ ಒಲೆಯೂ ಇತ್ತು. ಬೆಳಿಗ್ಗೆ ಎಂಟಕ್ಕೆ ಅತ್ತೆಯನ್ನು ಎಬ್ಬಿಸಲು ಹೋದರೆ ಕಲ್ಲಿನಂತೆ ಮಲಗಿದ್ದರು. ಮರುದಿನ ಇದೇ ಹೊತ್ತಿಗೆ ಅವರು ಗೆರೆಯ ಹಿಂದೆ ನಿಂತಿರಬೇಕಿತ್ತು. ಮುಖಕ್ಕೆ ನೀರು ಹಾಕಿಸಿ ಹೊರಗೆ ಕರೆದುಕೊಂಡು ಹೋದೆ. ದಿನವಿಡೀ ಬಿಸಿಲಲ್ಲಿ ಸುತ್ತಾಡಿಸಿದರೆ ರಾತ್ರಿ ಬೇಗ ಮಲಗುತ್ತಾರೆ, ಬೆಳಿಗ್ಗೆ ಬೇಗ ಏಳುತ್ತಾರೆ ಎಂಬುದು ನನ್ನ ಉಪಾಯ.

ಆ ಊರಲ್ಲಿ ಬಸ್ಸಿನಿಂದ ಇಳಿಯುವವರು ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರು ಕೂಗಿ ಹೇಳುತ್ತಾರೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಇಳಿಯುವ ಜನರೆಲ್ಲ ಹಾಗೆ ಕೂಗಿದರೆ ಹೇಗಿರುತ್ತದೆ ಎಂದು ಯೋಚಿಸಿ ನನಗೆ ನಗು ಬಂತು. ಅತ್ತೆ ಎರಡನೆಯ ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡರು. "ಥ್ಯಾಂಕ್ಸ್ ಅಣ್ಣ," ಎಂದು ಇಳಿದರು.

ಇನ್ನೊಂದು ಅಭ್ಯಾಸಕ್ಕೆ ಮಾತ್ರ ಅವರಿಗೆ ಒಗ್ಗಿಕೊಳ್ಳಲಾಗಲಿಲ್ಲ. ಅಲ್ಲಿ ಎಷ್ಟೋ ಜನ ಬರಿಗಾಲಿನಲ್ಲಿ ಓಡಾಡುತ್ತಾರೆ. ಒಳ್ಳೆ ಬಟ್ಟೆ ಹಾಕಿದ ದೊಡ್ಡ ಗಂಡಸೊಬ್ಬ ದಿನಸಿ ಅಂಗಡಿಯಲ್ಲಿ ಬರಿಗಾಲಲ್ಲಿ ಹಾಲು ಆರಿಸುತ್ತಿದ್ದ.

"ಇವರಿಗೆ ಚಪ್ಪಲಿ ಇಲ್ವಾ?"

"ಇದೆ ಅತ್ತೆ. ಹಾಕ್ಕೊಳ್ಳಲ್ಲ ಅಷ್ಟೇ."

"ಕೊಕ್ಕೆಹುಳ ಹತ್ತುತ್ತೆ. ರಕ್ತ ಕಡಿಮೆ ಆಗುತ್ತೆ." ತಾವು ಮೂವತ್ತು ವರ್ಷ ಮನೆಮನೆಗೆ ಹೋಗಿ ಚಪ್ಪಲಿ ಹಾಕ್ಕೊಳ್ಳಿ ಎಂದು ಹೇಳಿದ್ದನ್ನು ಈ ಸಾಹೇಬನಿಗೂ ಹೇಳುವ ಆಸೆ ಅವರಿಗಿತ್ತು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. ರಸ್ತೆಗೆ ಬಂದ ಮೇಲೆ ಇಬ್ಬರೂ ನಿಂತು ನಕ್ಕೆವು. ಅತ್ತೆಯ ನಗುವಿಗೆ ಸದ್ದೇ ಇಲ್ಲ, ಬರೀ ಭುಜ ಕುಲುಕುತ್ತದೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ.

ಶನಿವಾರ

ಅರವತ್ತೈದರಿಂದ ಅರವತ್ತೊಂಬತ್ತರವರೆಗಿನ ಹೆಂಗಸರು ಒಂಬತ್ತು ಮಂದಿ. ಹನ್ನೆರಡೂವರೆ ಸುತ್ತು. ಟ್ರ್ಯಾಕಿನ ಪಕ್ಕ ಒಂದು ಹಲಗೆ. ಯಾರಿಗೆ ಕೆಂಪು ಚೀಟಿ ಬಿತ್ತೋ ಅವರ ನಂಬರಿನ ಮುಂದೆ ಕೆಂಪು ಗುರುತು ಹಾಕುತ್ತಾರೆ. ಕೆಂಪಯ್ಯ ಮೇಷ್ಟ್ರು ನನಗೆ ಊರಲ್ಲೇ ಪಾಠ ಹೇಳಿ ಕಳಿಸಿದ್ದರು: "ಬೇಲಿ ಹತ್ರ ನಿಂತ್ಕೊಳಮ್ಮ. ಎಡ ಮಂಡಿ ಬಾಗಿದ್ ತಕ್ಷಣ ಕೂಗು. ಅವರಿಗೆ ಅದು ಗೊತ್ತಾಗಲ್ಲ."

ಮೊದಲ ಮೂರು ಸುತ್ತು ಅತ್ತೆ ಮೂರನೆಯವರಾಗಿದ್ದರು. ನಾಲ್ಕನೆಯದರಲ್ಲಿ ಮಂಡಿ ಬಾಗಿದ್ದು ಕಂಡಿತು. ನಾನು, "ಅತ್ತೆ, ಎಡಗಡೆ ಮಂಡಿ ಸ್ವಲ್ಪ ನೋಡ್ಕೊಳ್ಳಿ," ಎಂದು ಮರ್ಯಾದೆಯಾಗಿ ಹೇಳುವಷ್ಟರಲ್ಲಿ ಅವರು ತಿರುವು ದಾಟಿಹೋಗಿದ್ದರು. ಹಲಗೆಯ ಮೇಲೆ ಒಂದು ಕೆಂಪು ಗುರುತು ಬಿತ್ತು.

ಮುಂದಿನ ಸುತ್ತಿನಿಂದ ಮರ್ಯಾದೆ ಬಿಟ್ಟೆ. "ಮಂಡಿ!" ಎಂದು ಕಿರುಚಿದೆ. ಅತ್ತೆ ತಕ್ಷಣ ಕಾಲು ನೆಟ್ಟಗೆ ಮಾಡಿದರು. ಏಳನೇ ಸುತ್ತಿನವರೆಗೂ ನನ್ನ ಗಂಟಲು, ಅವರ ಮಂಡಿ ಒಟ್ಟಿಗೆ ಕೆಲಸ ಮಾಡಿದವು. ಎಂಟರಲ್ಲಿ ಎದುರು ಬದಿಯಲ್ಲಿ, ನನ್ನ ದನಿ ಮುಟ್ಟದ ಕಡೆ, ಎರಡನೆಯ ಚೀಟಿ ಬಿತ್ತು. ಇನ್ನೊಂದು ಬಿದ್ದರೆ ಮುಗಿಯಿತು. ಇನ್ನೂ ನಾಲ್ಕೂವರೆ ಸುತ್ತು.

ಅವರ ಮುಖದಲ್ಲಿ ನಿದ್ದೆಗೆಟ್ಟವರ ಬಣ್ಣವಿತ್ತು. ಅವರ ಮೈಗೆ ಅದು ನಡುರಾತ್ರಿ ಎಂಬುದು ಆಗ ನೆನಪಾಯಿತು. ಅವರ ಮುಂದೆ ಇಪ್ಪತ್ತು ಹೆಜ್ಜೆಯಲ್ಲಿ ಮೂರನೆಯವಳು. ನೀಲಿ ಟೋಪಿ ಹಾಕಿದ್ದ ತೆಳ್ಳನೆಯ ಹೆಂಗಸು. ಅತ್ತೆಯ ಕಣ್ಣು ಆ ಟೋಪಿಯ ಮೇಲಿತ್ತು. ಹನ್ನೊಂದನೇ ಸುತ್ತಿನಲ್ಲಿ ವೇಗ ಹೆಚ್ಚಿಸಿದರು. ದೂರ ಹದಿನೈದು ಹೆಜ್ಜೆಯಾಯಿತು, ಹತ್ತಾಯಿತು. ಕಾಲು ಮತ್ತೆ ಬಾಗತೊಡಗಿತು. ತಿರುವಿನಲ್ಲಿದ್ದ ತೀರ್ಪುಗಾರ ಸ್ವಲ್ಪ ಬಗ್ಗಿ ಅವರ ಪಾದವನ್ನೇ ನೋಡುತ್ತಿದ್ದ.

ನಾನು ಬೇಲಿಯ ಉದ್ದಕ್ಕೂ ಅವರ ಜೊತೆ ಓಡಿದೆ. "ನಿಧಾನ ಅತ್ತೆ. ಅವಳು ಹೋಗ್ಲಿ. ಮುಗ್ಸಿ, ಸಾಕು."

ಅವರು ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಹೆಜ್ಜೆ ಚಿಕ್ಕದಾಯಿತು. ನೀಲಿ ಟೋಪಿ ದೂರವಾಯಿತು. ಹಿಂದಿನಿಂದ ಬಂದ ಇನ್ನೊಬ್ಬಳು ದಾಟಿ ಹೋದಳು. ಅತ್ತೆ ಅವಳ ಕಡೆ ತಿರುಗಲೂ ಇಲ್ಲ. ಎಡಗಾಲು ನೆಟ್ಟಗೆ, ಮತ್ತೆ ನೆಟ್ಟಗೆ. ತೀರ್ಪುಗಾರ ಬೆನ್ನು ನೆಟ್ಟಗೆ ಮಾಡಿ ನಿಂತ.

ಅತ್ತೆ ಐದನೆಯವರಾಗಿ ಗೆರೆ ದಾಟಿದರು. ದಾಟಿದ ಮೇಲೂ ನಗಲಿಲ್ಲ. ಹಲಗೆಯ ಮುಂದೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು, ಏದುಸಿರು ಬಿಡುತ್ತಾ ನಿಂತರು. ಮೂರನೆಯ ಗುರುತು ಬರಲಿಲ್ಲ. ಅರ್ಧ ಗಂಟೆಯ ಮೇಲೆ ಗೋಡೆಗೆ ಫಲಿತಾಂಶದ ಹಾಳೆ ಅಂಟಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿನ ಅಡಿ ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದರು.

"ನಂಬರ್ ಸಹ ಹಾಕಿದಾರೆ ನೋಡು. ಐದು."

ನೀಲಿ ಟೋಪಿಯ ಹೆಂಗಸು ಬಂದು ಅತ್ತೆಯನ್ನು ಅಪ್ಪಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ನೀನು ಕೂಗುತ್ತಿದ್ದ ಆ ಮಾತಿನ ಅರ್ಥವೇನು ಎಂದು ಕೇಳಿದಳು. ನಾನು ನನ್ನ ಮಂಡಿ ತಟ್ಟಿ ತೋರಿಸಿದೆ. ತನಗೂ ಕೊನೆಯ ಸುತ್ತುಗಳಲ್ಲಿ ಅದು ಕೇಳಿಸಿ, ತಾನೂ ಮಂಡಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ ಎಂದಳು.

ಫೋನಿನಲ್ಲಿ ರಮೇಶ ಅತ್ತರು. ಅವರ ಬೆನ್ನಿಗೆ ಅದು ಒಳ್ಳೆಯದಲ್ಲ ಎಂದು ಅತ್ತೆ ಬೈದರು.

ಭಾನುವಾರ, ಗುಡ್ಡ

ಆಕ್ಲೆಂಡಿನ ನಡುವೆ ಹಳೆಯ ಜ್ವಾಲಾಮುಖಿಗಳು ಆರಿ ಹೋಗಿ ಹಸಿರು ಗುಡ್ಡಗಳಾಗಿ ನಿಂತಿವೆ. ಒಂದರ ಮೇಲೆ ಕುರಿ ಮೇಯುತ್ತಿದ್ದವು. ಊರ ನಡುವೆ ಕುರಿ ಕಂಡು ಅತ್ತೆಗೆ ಹಿಗ್ಗು. ನಮ್ಮ ಕಡೆ ಕುರಿ ಕರೆಯುವಂತೆ ಬಾಯಲ್ಲಿ ಟ್ರೂ ಎಂದು ಕರೆದರು. ಒಂದೂ ತಿರುಗಿ ನೋಡಲಿಲ್ಲ.

"ಇವಕ್ಕೆ ಕನ್ನಡ ಬರಲ್ಲ," ಎಂದರು.

ಮೇಲಿನಿಂದ ಎರಡು ಬದಿಯಲ್ಲಿ ಎರಡು ಕಡಲು ಕಾಣುತ್ತಿದ್ದವು. ಗಾಳಿಗೆ ನಿಲ್ಲಲಾಗದೆ ಇಳಿಯತೊಡಗಿದೆವು. ಹುಲ್ಲು ಒದ್ದೆಯಾಗಿ ಜಾರುತ್ತಿತ್ತು. ಅತ್ತೆಯ ಎಡ ಮಂಡಿ ಊದಿತ್ತು. ನಾಲ್ಕು ಹೆಜ್ಜೆ ಇಳಿದು ನಿಂತು, "ಸ್ವಲ್ಪ ಕೈ ಕೊಡು," ಎಂದರು. ಅವರ ಅಂಗೈ ಒರಟಾಗಿ, ಬೆಚ್ಚಗಿತ್ತು. ಹಾಗೇ ಹಿಡಿದುಕೊಂಡು ಇಳಿದೆವು.

"ಹೆಸರು ಇಟ್ಕೊಂಡಿದ್ಯಾ?" ಅರ್ಧ ದಾರಿಯಲ್ಲಿ ಕೇಳಿದರು. ಕಣ್ಣು ಮುಂದಿನ ಹೆಜ್ಜೆಯ ಮೇಲೇ ಇತ್ತು. "ಆ ಮಗೂಗೆ."

"ಹೂಂ."

"ಏನಂತ?"

"ಹೆಣ್ಣಾದ್ರೆ ಅಮೃತ ಅಂತ." ಹೆಣ್ಣೇ ಆಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

"ಅಮೃತ," ಎಂದರು ಅತ್ತೆ. ಇನ್ನೊಂದೆರಡು ಹೆಜ್ಜೆ ಇಳಿದು ಮತ್ತೊಮ್ಮೆ ಹೇಳಿದರು. ಬೇರೊಬ್ಬರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಗಾಳಿ ಜೋರಾಗಿತ್ತು; 'ತ' ಅಕ್ಷರ ಸರಿಯಾಗಿ ಕೇಳಿಸಲಿಲ್ಲ. ಆದರೂ ಅದು ಒಬ್ಬ ಹುಡುಗಿಯನ್ನು ಕರೆದ ಹಾಗೇ ಇತ್ತು.

ವಾಪಸು

ಹೋಗುವಾಗ ಸಿಂಗಪುರದಿಂದ ಆಕ್ಲೆಂಡಿಗೆ ಹತ್ತು ಗಂಟೆಗಿಂತ ಸ್ವಲ್ಪ ಕಡಿಮೆ. ಬರುವಾಗ ಅದೇ ದಾರಿಗೆ ಹತ್ತೂವರೆಗಿಂತ ಹೆಚ್ಚು ಎಂದು ಪರದೆ ತೋರಿಸಿತು. ಅತ್ತೆಗೆ ಇದು ಸರಿ ಕಾಣಲಿಲ್ಲ.

"ಭೂಮಿ ಏನು ನಾಲ್ಕು ದಿನದಲ್ಲಿ ಉದ್ದ ಆಯ್ತಾ?"

ನೀರು ತಂದ ಗಗನಸಖಿಯನ್ನು ಕೇಳಿ ಹೇಳಿದೆ. ದೂರ ಅಷ್ಟೇ. ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹೋಗುವಾಗ ಹಿಂದಿನಿಂದ ತಳ್ಳಿತ್ತು, ಈಗ ಎದುರಿಗೆ ಬರುತ್ತಿದೆ. ಅದಕ್ಕೇ ಸುಮಾರು ಒಂದು ಗಂಟೆ ಹೆಚ್ಚು.

ಅತ್ತೆ ತಲೆಯಾಡಿಸಿದರು. ಕಾಲು ಚಾಚಿ, ನನ್ನ ಕಂಬಳಿಯ ಒಂದು ತುದಿಯನ್ನು ಎಳೆದು ತಮ್ಮ ಮಂಡಿಯ ಮೇಲೂ ಹಾಕಿಕೊಂಡರು.

"ಒಳ್ಳೇದೇ ಆಯ್ತು ಬಿಡು. ಅಲ್ಲಿ ಹೋಗಿ ಮಾಡೋದೇನಿದೆ?" ಎಂದು ನನ್ನ ಕಡೆ ಪೂರ್ತಿ ತಿರುಗಿ ಕೂತರು. "ನೀನು ಚಿಕ್ಕವಳಿದ್ದಾಗ ಹೆಂಗಿದ್ದೆ ಸವಿತಾ? ಗೊಟ್ಟಿಗೆರೆ ಕೆರೇಲಿ ಆಗ ನೀರಿತ್ತಾ?"

ಇತ್ತು ಎಂದೆ. ಅಲ್ಲಿ ಈಜಲು ಹೋಗಿ ಅಪ್ಪನ ಕೈಯಲ್ಲಿ ಹೊಡೆತ ತಿಂದದ್ದನ್ನು ಹೇಳಲು ಶುರು ಮಾಡಿದೆ. ಕೆಳಗೆ ಆಸ್ಟ್ರೇಲಿಯಾದ ಕೆಂಪು ನೆಲ ಗಂಟೆಗಟ್ಟಲೆ ಸರಿಯಿತು. ಅದು ಮುಗಿದು ಮತ್ತೆ ಸಮುದ್ರ ಬಂದಾಗಲೂ ನಮ್ಮ ಮಾತು ನನ್ನ ಏಳನೇ ಕ್ಲಾಸಿನ ಹತ್ತಿರವೇ ಇತ್ತು.